ಹದಿನೆಂಟಕ್ಕೆ ಡಿಎಲ್ ಬಂತು, ನಾನೂರು ಬಿಎಚ್‌ಪಿ ಕಾರಿನ ಕೀ ಕೊಡಬಹುದಾ?

ನಮ್ಮ ದೇಶದಲ್ಲಿ ಆಲ್ಟೊ ಓಡಿಸುವುದಕ್ಕೂ ಲ್ಯಾಂಬೊರ್ಗಿನಿ ಓಡಿಸುವುದಕ್ಕೂ ಡಿಎಲ್ ಒಂದೇ. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನ. ಲಘು ಎನ್ನುವುದು ತೂಕದ ಲೆಕ್ಕ ಮಾತ್ರ. ಗಾಡಿಯ ಒಟ್ಟು ತೂಕ 7,500 ಕೆಜಿ ಮೀರಬಾರದು, ಅಷ್ಟೇ. ಎಂಜಿನ್ನಿಗೆ ಎಷ್ಟು ಬಿಎಚ್‌ಪಿ, ಅಂದರೆ ಎಷ್ಟು ಶಕ್ತಿ ಇದೆ ಎಂದು ಕಾನೂನು ಕೇಳುವುದೇ ಇಲ್ಲ. 18 ತುಂಬಿದ ಮೇಲೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಾದು, ಆರ್‌ಟಿಒ ಟ್ರ್ಯಾಕಿನಲ್ಲಿ ತಿರುವು ಹಾಕಿ, ರಿವರ್ಸ್ ಹೋಗಿ, ಏರಿನಲ್ಲಿ ನಿಲ್ಲಿಸಿ ಹೊರಟು ತೋರಿಸಿದರೆ ಮುಗಿಯಿತು. ಮರುವಾರವೇ ಆ ಹುಡುಗನೋ ಹುಡುಗಿಯೋ ಮಸ್ಟಾಂಗಿನಂಥ ಸ್ಪೋರ್ಟ್ಸ್ ಕಾರು ತೆಗೆದುಕೊಂಡು ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿದರೆ ತಡೆಯುವ ನಿಯಮ ಯಾವುದೂ ಇಲ್ಲ.

ಕಾನೂನು ಕೈಬಿಟ್ಟ ಪ್ರಶ್ನೆ ಮನೆಗೆ ಬರುತ್ತದೆ. ದುಡ್ಡಿರುವ ಮನೆಗಳಲ್ಲಿ ಮಾತ್ರ ಬರುವ ಪ್ರಶ್ನೆ ಅಂತ ಅನ್ನಿಸಬಹುದು. ಈಗ ಹಾಗಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಂಥ ಮಾತು ಬಂದಾಗ ಮನೆಯವರು ಸಾಮಾನ್ಯವಾಗಿ ನೋಡುವುದು ಒಂದೇ ವಿಷಯ: ಹುಡುಗನ ಕೈ ಪಳಗಿದೆಯಾ? ಕ್ಲಚ್ ಚೆನ್ನಾಗಿ ಬಿಡುತ್ತಾನೆ, ಗೇರ್ ಸರಿಯಾಗಿ ಹಾಕುತ್ತಾನೆ, ಬೇಸ್‌ಮೆಂಟಿನಲ್ಲಿ ಎಲ್ಲೂ ತಾಗಿಸದೆ ಪಾರ್ಕ್ ಮಾಡುತ್ತಾನೆ. ಸರಿ, ಓಡಿಸೋಕೆ ಬಂತು ಅಂತ ಲೆಕ್ಕ. ನನ್ನ ಪ್ರಕಾರ ಇಲ್ಲೇ ದಾರಿ ತಪ್ಪುವುದು. ಕಾರು ಓಡಿಸುವ ಕೈಚಳಕ ಹದಿನೆಂಟರ ಹುಡುಗರಿಗೆ ನಮಗಿಂತ ಬೇಗ ಬರುತ್ತದೆ. ಕೇಳಬೇಕಾದದ್ದು ಬೇರೆ. ಹೊಸಬರು ಮಾಡುವ ಮಾಮೂಲಿ ತಪ್ಪನ್ನು ಅವನೂ ಮಾಡೇ ಮಾಡುತ್ತಾನೆ. ಆ ತಪ್ಪು ಈ ಕಾರಿನಲ್ಲಿ ಆದಾಗ ಏನಾಗುತ್ತದೆ?

ಶಕ್ತಿ ಅಂದರೆ ಎಷ್ಟು

ಬರೀ ಬಿಎಚ್‌ಪಿ ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ಬಸ್ಸಿಗೂ ಇನ್ನೂರು ಬಿಎಚ್‌ಪಿ ಇರುತ್ತದೆ. ಶಕ್ತಿಯನ್ನು ಗಾಡಿಯ ತೂಕದಿಂದ ಭಾಗಿಸಿ ನೋಡಬೇಕು. ಈಗಿನ ಸ್ವಿಫ್ಟ್ ಎಂಜಿನ್ ಶಕ್ತಿ ಸುಮಾರು 60 ಕಿಲೋವ್ಯಾಟ್, ತೂಕ 900 ಕೆಜಿಗೆ ಸ್ವಲ್ಪ ಮೇಲೆ. ಅಂದರೆ ಟನ್ನಿಗೆ ಸುಮಾರು 65 ಕಿಲೋವ್ಯಾಟ್. 2016ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಮಸ್ಟಾಂಗ್ ಜಿಟಿಯ 5 ಲೀಟರ್ ವಿ8 ಎಂಜಿನ್ ಹತ್ತಿರ ಹತ್ತಿರ ನಾನೂರು ಬಿಎಚ್‌ಪಿಯದು, ಅಂದರೆ ಸುಮಾರು 295 ಕಿಲೋವ್ಯಾಟ್. ಗಾಡಿಯ ತೂಕ ಒಂದೂಮುಕ್ಕಾಲು ಟನ್. ಲೆಕ್ಕ ಹಾಕಿದರೆ ಟನ್ನಿಗೆ 165ರ ಆಸುಪಾಸು. ಸ್ವಿಫ್ಟಿನ ಎರಡೂವರೆ ಪಟ್ಟು.

ಆಸ್ಟ್ರೇಲಿಯಾದವರು ಈ ಲೆಕ್ಕವನ್ನೇ ಕಾನೂನು ಮಾಡಿಕೊಂಡಿದ್ದಾರೆ. ಅಲ್ಲಿನ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ರಾಜ್ಯಗಳಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರು ಕಾರಿಗೆ 'ಪಿ' ಫಲಕ ಹಾಕಿಕೊಂಡು ಕೆಲವು ವರ್ಷ ಓಡಿಸಬೇಕು. ಆ ಅವಧಿಯಲ್ಲಿ ಟನ್ನಿಗೆ 130 ಕಿಲೋವ್ಯಾಟ್ ಮೀರಿದ ಕಾರು ಮುಟ್ಟುವಂತಿಲ್ಲ. ಇಟಲಿ ಇನ್ನೂ ಬಿಗಿ. 2024ರ ಕೊನೆಯಲ್ಲಿ ಬದಲಾದ ನಿಯಮದ ಪ್ರಕಾರ ಅಲ್ಲಿ ಹೊಸಬರಿಗೆ ಮೊದಲ ಮೂರು ವರ್ಷ ಟನ್ನಿಗೆ 75 ಕಿಲೋವ್ಯಾಟ್ ಮಿತಿ. ಕಾರಿನ ಒಟ್ಟು ಶಕ್ತಿಯೂ 105 ಕಿಲೋವ್ಯಾಟ್ ದಾಟಬಾರದು. ಫೆರಾರಿ ತಯಾರಿಸುವ ದೇಶದ ಹುಡುಗರೇ ಮೂರು ವರ್ಷ ಕಾಯಬೇಕು ನೋಡಿ.

ಸೌತ್ ಆಸ್ಟ್ರೇಲಿಯಾದ ಕತೆ ಇನ್ನೂ ಸ್ವಾರಸ್ಯದ್ದು. 2019ರಲ್ಲಿ ಅಡಿಲೇಡ್‌ನಲ್ಲಿ ಲ್ಯಾಂಬೊರ್ಗಿನಿ ಕಾರೊಂದು ನಿಯಂತ್ರಣ ತಪ್ಪಿ ಫುಟ್‌ಪಾತಿಗೆ ನುಗ್ಗಿ ಹದಿನೈದರ ಹುಡುಗಿಯೊಬ್ಬಳು ತೀರಿಕೊಂಡಳು. ಓಡಿಸುತ್ತಿದ್ದವನು ಹದಿಹರೆಯದವನಲ್ಲ, ವಯಸ್ಕ. ಆ ಘಟನೆಯ ನಂತರ ನಡೆದ ಚರ್ಚೆಯಿಂದ ಹೊಸ ಕಾನೂನು ಬಂತು. 2024ರ ಡಿಸೆಂಬರಿನಿಂದ ಆ ರಾಜ್ಯದಲ್ಲಿ ಟನ್ನಿಗೆ 276 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಶಕ್ತಿಯ ಕಾರಿಗೆ ಎಲ್ಲ ವಯಸ್ಸಿನವರೂ ಪ್ರತ್ಯೇಕ 'ಯು' ದರ್ಜೆಯ ಲೈಸೆನ್ಸ್ ಪಡೆಯಬೇಕು. ಲಾರಿಗೆ, ಬಸ್ಸಿಗೆ ಬೇರೆ ಲೈಸೆನ್ಸ್ ಇರುವಾಗ ಇಂಥ ಕಾರಿಗೆ ಯಾಕಿರಬಾರದು ಎಂಬ ಪ್ರಶ್ನೆಯಲ್ಲಿ ತಪ್ಪೇನಿಲ್ಲ ಅಲ್ವಾ?

ಬೈಕಿನ ವಿಷಯದಲ್ಲಿ ಯುರೋಪ್ ಬಹಳ ಹಿಂದೆಯೇ ಮೆಟ್ಟಿಲು ಕಟ್ಟಿದೆ. 18ಕ್ಕೆ ಸಿಗುವ ಎ2 ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್ ತನಕ ಮಾತ್ರ. ನಮ್ಮಲ್ಲಿ ಕಾಲೇಜು ಹುಡುಗರ ಕನಸಿನ ಬೈಕಾದ ಕೆಟಿಎಂ 390 ಡ್ಯೂಕ್ ಆ ಮಿತಿಯ ತುತ್ತತುದಿಯಲ್ಲಿ ಬರುತ್ತದೆ. ನಮ್ಮ ಕಾನೂನಿಗೆ ಅದೂ ಒಂದೇ, ದೈತ್ಯ ಬೈಕಾದ ಹಯಾಬುಸವೂ ಒಂದೇ.

ಒಂದು ಸೆಕೆಂಡಿನ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಕಷ್ಟದ್ದೇನಲ್ಲ.

ಸಾಧಾರಣ ಹ್ಯಾಚ್‌ಬ್ಯಾಕ್ ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 12–13 ಸೆಕೆಂಡ್ ಬೇಕು. ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಸೆಕೆಂಡಿಗೆ ಸರಾಸರಿ 8 ಕಿ.ಮೀ. ವೇಗ ಏರುತ್ತದೆ. ನಾಲ್ಕೂವರೆ ಸೆಕೆಂಡಿನ ಕಾರಿನಲ್ಲಿ ಅದೇ ಒಂದು ಸೆಕೆಂಡಿಗೆ 22 ಕಿ.ಮೀ. ಏರುತ್ತದೆ. ಎಲ್ಲ ಹೊಸಬರೂ ಒಮ್ಮೊಮ್ಮೆ ಕಾಲನ್ನು ಒಂದು ಸೆಕೆಂಡ್ ಜಾಸ್ತಿ ಒತ್ತಿಡುತ್ತಾರೆ. ಹಿಂದಿನ ಸೀಟಿನಿಂದ ಯಾರೋ ಮಾತಾಡಿಸಿರುತ್ತಾರೆ, ಇಲ್ಲವೇ ಗಮನ ಮಿರರ್ ಕಡೆ ಹೋಗಿರುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಅದು ಗೊತ್ತೇ ಆಗದ ತಪ್ಪು. ಇನ್ನೊಂದರಲ್ಲಿ 60ರಲ್ಲಿ ಇದ್ದವನು 80ರ ಮೇಲೆ ಹೋಗಿರುತ್ತಾನೆ.

60ಕ್ಕೂ 80ಕ್ಕೂ ಏನು ಮಹಾ ವ್ಯತ್ಯಾಸ ಅಂತ ಕೇಳಬಹುದು. ಒಣಗಿದ ಒಳ್ಳೆಯ ಟಾರು ರಸ್ತೆ, ಒಳ್ಳೆಯ ಟೈರು ಎಂದುಕೊಳ್ಳಿ. ಮುಂದೆ ಏನೋ ಅಡ್ಡ ಬಂತು. ಅದನ್ನು ನೋಡಿ, ಅರ್ಥ ಮಾಡಿಕೊಂಡು, ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. 60ರಲ್ಲಿ ಅಷ್ಟು ಹೊತ್ತಿಗೆ ಕಾರು 25 ಮೀಟರ್ ಹೋಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಇನ್ನು 20 ಮೀಟರ್. ಒಟ್ಟು 45. ಅದೇ ಜಾಗದಲ್ಲಿ, ಅದೇ ಹೊತ್ತಿಗೆ 80ರಲ್ಲಿ ಬಂದವನು ಬ್ರೇಕಿಗೆ ಕಾಲಿಡುವಾಗಲೇ 33 ಮೀಟರ್ ಮುಗಿದಿರುತ್ತದೆ. ಮೊದಲ ಕಾರು ಪೂರ್ತಿ ನಿಂತ 45ನೇ ಮೀಟರಿನಲ್ಲಿ ಇವನ ವೇಗ ಇನ್ನೂ ಸುಮಾರು 65 ಕಿ.ಮೀ. ಇರುತ್ತದೆ. ನಿಲ್ಲಲು ಬೇಕಾದ ಒಟ್ಟು ದೂರ 70 ಮೀಟರಿನ ಹತ್ತಿರ.

120ರ ಲೆಕ್ಕ ಇನ್ನೂ ವಿಚಿತ್ರ. ಆ ವೇಗದಲ್ಲಿ ಒಂದೂವರೆ ಸೆಕೆಂಡಿಗೆ 50 ಮೀಟರ್. ಮೊದಲ ಕಾರು ನಿಂತೇ ಬಿಟ್ಟ ಜಾಗವನ್ನು ಇವನು ದಾಟುವಾಗ ಕಾಲು ಬ್ರೇಕನ್ನು ಮುಟ್ಟಿಯೇ ಇರುವುದಿಲ್ಲ. ಪೂರ್ತಿ ನಿಲ್ಲಲು 130 ಮೀಟರ್ ಬೇಕು. ವೇಗ ದುಪ್ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ, ಗುದ್ದುವ ಬಲವೂ ಅದೇ ಲೆಕ್ಕದಲ್ಲಿ ಏರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಈ ಅಂಕಿಗಳೆಲ್ಲ ಇನ್ನೂ ಮೇಲಕ್ಕೆ ಹೋಗುತ್ತವೆ.

ಇಲ್ಲಿ ಕಾರುಪ್ರೇಮಿಗಳು ಒಂದು ವಾದ ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ದುಬಾರಿ ಸ್ಪೋರ್ಟ್ಸ್ ಕಾರಿನ ಬ್ರೇಕು, ಟೈರು, ಸಸ್ಪೆನ್ಷನ್ ಎಲ್ಲವೂ ಸಣ್ಣ ಕಾರಿಗಿಂತ ಎಷ್ಟೋ ಮೇಲು. ಒಂದೇ ವೇಗದಲ್ಲಿ ಎರಡನ್ನೂ ನಿಲ್ಲಿಸಿದರೆ ಸ್ಪೋರ್ಟ್ಸ್ ಕಾರೇ ಮೊದಲು ನಿಲ್ಲುತ್ತದೆ. ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಪಿಕಪ್ ಇದ್ದರೆ ಎದುರು ಲೇನಿನಲ್ಲಿ ಇರುವ ಹೊತ್ತೂ ಕಡಿಮೆ. ಎಲ್ಲವೂ ನಿಜ. ಆದರೆ ಈ ಲಾಭ ಸಿಗುವುದು 'ಒಂದೇ ವೇಗದಲ್ಲಿ' ಓಡಿಸಿದಾಗ ಮಾತ್ರ. ಹಾಗೆ ಓಡಿಸಲು ಯಾರೂ ಆ ಕಾರು ಕೊಳ್ಳುವುದಿಲ್ಲ. ಇನ್ನೊಂದು ವಿಷಯ, ಆ ಒಂದೂವರೆ ಸೆಕೆಂಡನ್ನು ಯಾವ ಬ್ರೇಕೂ ಕಡಿಮೆ ಮಾಡುವುದಿಲ್ಲ. ಅದು ಮನುಷ್ಯನದು. ಮೇಲಾಗಿ ಆಲ್ಟೊದಲ್ಲಿ 100 ದಾಟಿದರೆ ಗಾಳಿಯ ಸದ್ದು, ಎಂಜಿನ್ ಕೂಗಾಟ, ಸ್ಟೇರಿಂಗಿನ ನಡುಕ ಎಲ್ಲ ಸೇರಿ 'ಸಾಕಪ್ಪಾ' ಅನ್ನುತ್ತವೆ. ಒಳ್ಳೆಯ ಕಾರಿನಲ್ಲಿ 120 ಅಂದರೆ ಎಪ್ಪತ್ತರ ಹಾಗೆ ಅನ್ನಿಸುತ್ತದೆ. ಹಳಬರು ಸ್ಪೀಡೋಮೀಟರ್ ನೋಡದೆಯೂ ಹೊರಗಿನ ಮರ, ಕಂಬ ಓಡುವ ರೀತಿಯಿಂದ ವೇಗ ಅಂದಾಜು ಮಾಡುತ್ತಾರೆ. ಹೊಸಬರಿಗೆ ಆ ಅಳತೆ ಇನ್ನೂ ಬಂದಿರುವುದಿಲ್ಲ.

ಓವರ್‌ಟೇಕಿನದೂ ಹೀಗೆಯೇ. ಪಿಕಪ್ ಇಲ್ಲದ ಕಾರು ಓಡಿಸಿ ಕಲಿತವನಿಗೆ ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದೆ ಕಾಯುವ ಅಭ್ಯಾಸ ತಾನಾಗಿ ಬರುತ್ತದೆ. ಬೇರೆ ದಾರಿ ಇರುವುದಿಲ್ಲ. ಎದುರಿನ ಲಾರಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ನೂರಾರು ಸಲ ಅಂದಾಜು ಹಾಕಿ ಹಾಕಿ ಕಣ್ಣು ಪಳಗುತ್ತದೆ. ಮೊದಲ ದಿನದಿಂದಲೇ ನಾನೂರು ಬಿಎಚ್‌ಪಿ ಸಿಕ್ಕರೆ ಎಲ್ಲ ಸಂದಿಯೂ ಜಾಗದ ಹಾಗೆ ಕಾಣುತ್ತದೆ. ಅಂದಾಜು ತಪ್ಪಿದರೂ ಎಂಜಿನ್ ದಾಟಿಸಿಬಿಡುತ್ತದೆ. ಹತ್ತು ಸಲ ದಾಟಿಸಿದ ಮೇಲೆ ಅದು ತನ್ನ ಜಾಣತನ ಎಂದು ಹುಡುಗ ನಂಬುತ್ತಾನೆ.

ಹಿಂದಿನ ಚಕ್ರದ ವಿಷಯ

ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ. ಇರುವುದು ಇಷ್ಟೇ, ಅದರಲ್ಲೇ ಎಲ್ಲ ಖರ್ಚೂ ಆಗಬೇಕು. ತಿರುವಿಗೆ ಸ್ವಲ್ಪ, ಬ್ರೇಕಿಗೆ ಸ್ವಲ್ಪ, ವೇಗ ಏರಿಸುವುದಕ್ಕೆ ಸ್ವಲ್ಪ. ತಿರುವಿನಲ್ಲಿ ಮುಕ್ಕಾಲು ಪಾಲು ಖರ್ಚಾಗಿರುವಾಗ ಆಕ್ಸಿಲರೇಟರ್ ಒತ್ತಿದರೆ ಸಾಲ ಸಿಗುವುದಿಲ್ಲ, ಟೈರು ಜಾರುತ್ತದೆ.

ನಮ್ಮ ಬಹುಪಾಲು ಸಣ್ಣ ಕಾರುಗಳನ್ನು ಮುಂದಿನ ಚಕ್ರಗಳು ಎಳೆಯುತ್ತವೆ. ತಿರುವಿನಲ್ಲಿ ಅತಿಯಾದರೆ ಕಾರಿನ ಮೂತಿ ಹೊರಗೆ ಹೋಗುತ್ತದೆ. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಂದರೆ ಹೆದರಿದವನು ಸಹಜವಾಗಿ ಮಾಡುವುದೇ ಸರಿಯಾದ ಕೆಲಸ. ಮಸ್ಟಾಂಗಿನಂಥ ಕಾರನ್ನು ತಳ್ಳುವುದು ಹಿಂದಿನ ಚಕ್ರ. ಸಿಗ್ನಲ್ಲಿನಿಂದ ಎಡಕ್ಕೆ ತಿರುಗುತ್ತಾ ಜೋರಾಗಿ ಒತ್ತಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಆಗ ಹೆದರಿ ಥಟ್ಟನೆ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಟೈರು ಇನ್ನೂ ಹಗುರಾಗುತ್ತದೆ, ಕಾರು ಗಿರ್ರನೆ ತಿರುಗಬಹುದು. ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಬೇಕು, ಅದೂ ಅರೆಕ್ಷಣದಲ್ಲಿ. ಅಮೆರಿಕದ ಕಾರು ಮೇಳಗಳಿಂದ ಹೊರಡುವಾಗ ಪ್ರದರ್ಶನಕ್ಕೆ ಒತ್ತಿ ಫುಟ್‌ಪಾತ್ ಹತ್ತಿಸಿದ ಮಸ್ಟಾಂಗುಗಳ ವಿಡಿಯೋ ನೋಡದವರು ಕಡಿಮೆ. ಆ ಕಾರಿನ ಮೇಲೆ ಜೋಕುಗಳೇ ಹುಟ್ಟಿಕೊಂಡಿವೆ.

ಇದನ್ನು ತಡೆಯಲು ಇಎಸ್‌ಸಿ ಎಂಬ ವ್ಯವಸ್ಥೆ ಇದೆ. ಕಾರು ಸ್ಟೇರಿಂಗ್ ಹೇಳಿದ ಕಡೆ ಹೋಗುತ್ತಿಲ್ಲ ಎಂದು ಗೊತ್ತಾದ ಕೂಡಲೇ ಅದು ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ಇಳಿಸಿ ಸರಿಮಾಡಲು ನೋಡುತ್ತದೆ. ಬಹಳ ಜೀವ ಉಳಿಸಿದ ಸಾಧನ ಅದು. ಆದರೆ ಟೈರಿಗೆ ಇಲ್ಲದ ಹಿಡಿತವನ್ನು ಅದೂ ತರಲಾರದು. ತುಂಬಾ ಕಾರುಗಳ ಸ್ಪೋರ್ಟ್ ಮೋಡಿನಲ್ಲಿ ಅದರ ಹಿಡಿತ ಸಡಿಲವಾಗುತ್ತದೆ, ಕೆಲವದರಲ್ಲಿ ಒಂದು ಬಟನ್ ಒತ್ತಿ ಆಫ್ ಮಾಡಬಹುದು. ಆ ಬಟನ್ ಎಲ್ಲಿದೆ ಎಂದು ಅಪ್ಪನಿಗಿಂತ ಮೊದಲು ಮಗನಿಗೆ ಗೊತ್ತಿರುತ್ತದೆ.

ತಲೆಯೊಳಗೆ ನಡೆಯುವುದು

ದುಡುಕನ್ನು ತಡೆಯುವ, ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಹತ್ತಿರ ಬರಬೇಕು. ಥ್ರಿಲ್ ಬೇಕು ಎನ್ನುವ ಆಸೆ ಮಾತ್ರ ಹದಿಹರೆಯದಲ್ಲೇ ಜೋರಾಗಿರುತ್ತದೆ. ಇದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಹುಡುಗರಿಗೆ ಅಪಾಯ ಗೊತ್ತಾಗುವುದಿಲ್ಲ ಅಂತ ಇದರ ಅರ್ಥವಲ್ಲ. ಒಬ್ಬನೇ ಕೂತಾಗ ಕೇಳಿದರೆ ಹದಿನೇಳರವನೂ ಸರಿಯಾದ ಉತ್ತರವನ್ನೇ ಕೊಡುತ್ತಾನೆ. ಪಕ್ಕದಲ್ಲಿ ಗೆಳೆಯರು ಕೂತಾಗ ಲೆಕ್ಕ ಬದಲಾಗುತ್ತದೆ.

ಅಮೆರಿಕದ ಮನಃಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಕಂಪ್ಯೂಟರ್ ಆಟದ ಮೂಲಕ ನೋಡಿದರು. ಆಟದಲ್ಲಿ ಕಾರು ಓಡುತ್ತಿರುತ್ತದೆ, ಹಳದಿ ದೀಪ ಬರುತ್ತದೆ. ಎಷ್ಟು ದೂರ ಹೋದರೆ ಅಷ್ಟು ಅಂಕ, ಕೆಂಪು ಬಿದ್ದ ಮೇಲೂ ಓಡುತ್ತಿದ್ದರೆ ಅಪಘಾತ ಆಗಬಹುದು. 13ರಿಂದ 16ರವರು, 18ರಿಂದ 22ರವರು, 24 ದಾಟಿದವರು ಎಂದು ಮೂರು ಗುಂಪು. ಒಬ್ಬೊಬ್ಬರೇ ಆಡಿದಾಗ ವ್ಯತ್ಯಾಸ ಸಣ್ಣದು. ಗೆಳೆಯರು ನೋಡುತ್ತಿರುವಾಗ ಚಿಕ್ಕವರು ವಿಪರೀತ ಮುಂದೆ ಹೋದರು, ಮಧ್ಯದ ಗುಂಪಿನವರೂ ಹೋದರು. ದೊಡ್ಡವರ ಆಟ ಹೆಚ್ಚುಕಮ್ಮಿ ಹಾಗೆಯೇ ಇತ್ತು.

ರಸ್ತೆಯ ಅಂಕಿಅಂಶವೂ ಇದನ್ನೇ ಹೇಳುತ್ತದೆ. ಅಮೆರಿಕದ ಎಎಎ ಎಂಬ ವಾಹನ ಚಾಲಕರ ಸಂಸ್ಥೆಯ ರಸ್ತೆ ಸುರಕ್ಷತಾ ಪ್ರತಿಷ್ಠಾನ 2012ರಲ್ಲಿ 16–17ರ ಚಾಲಕರ ಲೆಕ್ಕ ತೆಗೆಯಿತು. ಕಾರಿನಲ್ಲಿ 21ರೊಳಗಿನ ಒಬ್ಬ ಜೊತೆಗಿದ್ದರೆ ಚಾಲಕ ಸಾಯುವ ಅಪಾಯ ಶೇ 44ರಷ್ಟು ಜಾಸ್ತಿ. ಇಬ್ಬರಿದ್ದರೆ ದುಪ್ಪಟ್ಟು, ಮೂವರಾದರೆ ನಾಲ್ಕು ಪಟ್ಟು. ನನಗೆ ತುಂಬಾ ಇಷ್ಟವಾದದ್ದು ಅದೇ ಲೆಕ್ಕದ ಇನ್ನೊಂದು ಸಾಲು. 35 ದಾಟಿದವರು ಜೊತೆಗಿದ್ದರೆ ಅಪಾಯ ಶೇ 62ರಷ್ಟು ಇಳಿಯುತ್ತದೆ. ಹುಡುಗ ಅದೇ, ಕೈಚಳಕವೂ ಅದೇ. ಪಕ್ಕದಲ್ಲಿ ಅಮ್ಮ ಕೂತಿದ್ದಾಳೆ, ಅಷ್ಟೇ ವ್ಯತ್ಯಾಸ.

ಇನ್ನು ಕಣ್ಣಿನ ವಿಷಯ. 1972ರಷ್ಟು ಹಿಂದೆಯೇ ಮೌರಂಟ್, ರಾಕ್‌ವೆಲ್ ಎಂಬ ಸಂಶೋಧಕರು ಹೊಸ ಮತ್ತು ಹಳೆಯ ಚಾಲಕರ ನೋಟ ಎಲ್ಲೆಲ್ಲಿ ಹೋಗುತ್ತದೆ ಎಂದು ಉಪಕರಣ ಕಟ್ಟಿ ಅಳೆದರು. ಹೊಸಬರು ಬಾನೆಟ್ಟಿನ ಮುಂದಿನ ಸ್ವಲ್ಪ ಜಾಗವನ್ನೇ ದಿಟ್ಟಿಸುತ್ತಾರೆ, ಮಿರರ್ ಕಡೆ ಕಣ್ಣು ಹೋಗುವುದು ಕಡಿಮೆ. ಹಳಬರ ಕಣ್ಣು ದೂರ ನೋಡುತ್ತದೆ, ಆ ಕಡೆ ಈ ಕಡೆ ಓಡಾಡುತ್ತಿರುತ್ತದೆ. 40ರ ವೇಗದಲ್ಲಿ ಹತ್ತಿರ ನೋಡಿದರೂ ಹೇಗೋ ನಡೆಯುತ್ತದೆ. 120ರಲ್ಲಿ ಹತ್ತಿರ ನೋಡುವವನಿಗೆ ಡಿವೈಡರ್ ಗ್ಯಾಪಿನಿಂದ ರಾಂಗ್ ಸೈಡಿನಲ್ಲಿ ಬರುವ ಬೈಕು ಕಾಣುವುದೇ ತಡವಾಗಿ.

ಹಾಗಾದರೆ ಒಳ್ಳೆಯ ಟ್ರೇನಿಂಗ್ ಕೊಡಿಸಿದರೆ? ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಇದೇ. ನಾರ್ವೆ ಅದನ್ನು ಮಾಡಿ ನೋಡಿತು. 1980ರ ಆಸುಪಾಸಿನಲ್ಲಿ ಹೊಸ ಚಾಲಕರಿಗೆಲ್ಲ ಜಾರುವ ರಸ್ತೆಯಲ್ಲಿ ಕಾರು ಹಿಡಿತಕ್ಕೆ ತರುವ ತರಬೇತಿ ಕಡ್ಡಾಯ ಮಾಡಿತು. ಆಮೇಲೆ ಲೆಕ್ಕ ನೋಡಿದರೆ ಚಿಕ್ಕ ವಯಸ್ಸಿನ ಗಂಡು ಹುಡುಗರ ಅಪಘಾತ ಇಳಿಯುವ ಬದಲು ಏರಿತ್ತು. ಸಂಶೋಧಕರು ಕಂಡ ಕಾರಣ ಸರಳ. ಜಾರಿದರೆ ಸರಿಮಾಡಿಕೊಳ್ಳುತ್ತೇನೆ ಎಂಬ ಧೈರ್ಯ ಬಂತು, ಜಾರದ ಹಾಗೆ ಓಡಿಸುವ ಬುದ್ಧಿ ಬರಲಿಲ್ಲ. ನಂತರ ಅವರು ಪಾಠದ ಗುರಿಯನ್ನೇ ಬದಲಿಸಿದರು. ಈಗ ಅಲ್ಲಿ ಆ ಟ್ರ್ಯಾಕಿಗೆ ಕರೆದೊಯ್ಯುವುದು 'ನಿನ್ನ ಕೈಲಿ ಆಗುವುದಿಲ್ಲ' ಎಂದು ತೋರಿಸುವುದಕ್ಕೆ.

ಚೆನ್ನೈ ಹತ್ತಿರದ ಇರುಂಗಾಟುಕೋಟೆ, ಕೊಯಮತ್ತೂರಿನ ಕರಿ ಎಂಬ ರೇಸ್ ಟ್ರ್ಯಾಕುಗಳಿಗೆ ಬೆಂಗಳೂರಿನ ಹುಡುಗರು ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ವೇಗದ ಆಸೆ ತೀರಿಸಿಕೊಳ್ಳಲು ಅದಕ್ಕಿಂತ ಸರಿಯಾದ ಜಾಗ ಇಲ್ಲ. ಆದರೆ ಟ್ರ್ಯಾಕಿನಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಹಂಪ್ ಇರುವುದಿಲ್ಲ, ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಸಿಗುವುದಿಲ್ಲ. ಅಲ್ಲಿ ಚೆನ್ನಾಗಿ ಓಡಿಸಿದ ಎಂಬುದು ಹುಣಸೂರು ರಸ್ತೆಗೆ ಸರ್ಟಿಫಿಕೇಟ್ ಆಗುವುದಿಲ್ಲ.

ಅಪಾಯಕ್ಕೆ ಬಿಲ್ಲು ಬಾರದ ಊರು

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಈ ಚರ್ಚೆ 16ಕ್ಕೇ ಶುರು. ಅಲ್ಲಿ ಎರಡು ಬೇಲಿ ಇವೆ. ಒಂದು, ಮೆಟ್ಟಿಲು ಮೆಟ್ಟಿಲಾಗಿ ಸಿಗುವ ಲೈಸೆನ್ಸ್. ಕ್ಯಾಲಿಫೋರ್ನಿಯಾದಲ್ಲಿ 18ರೊಳಗಿನವರು ಮೊದಲ ಒಂದು ವರ್ಷ ದೊಡ್ಡವರಿಲ್ಲದೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ, 20ರೊಳಗಿನ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಇನ್ನೊಂದು ಬೇಲಿ ಇನ್ಶೂರೆನ್ಸ್. ಮಗನ ಹೆಸರು ಸೇರಿಸಿ, ಜೊತೆಗೆ ವಿ8 ಕಾರಿನ ಹೆಸರು ಹೇಳಿದರೆ ಪ್ರೀಮಿಯಂ ನೋಡಿಯೇ ಅಪ್ಪ ಕಾರಿನ ಆಸೆ ಬಿಡುತ್ತಾನೆ.

ನಮ್ಮಲ್ಲಿ ಇನ್ಶೂರೆನ್ಸ್ ಕಾರಿನ ಬೆಲೆ ನೋಡುತ್ತದೆ, ಸಿಸಿ ನೋಡುತ್ತದೆ. ಸ್ಟೇರಿಂಗ್ ಹಿಡಿದವರ ವಯಸ್ಸಿಗೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ನೋಡಿ: 1,500 ಸಿಸಿ ಮೀರಿದ ಖಾಸಗಿ ಕಾರಿಗೆಲ್ಲ ವರ್ಷಕ್ಕೆ 7,897 ರೂಪಾಯಿ. ನಿವೃತ್ತ ಮೇಷ್ಟ್ರ ಇನೊವಾಗೂ ಅಷ್ಟೇ, ಹದಿನೆಂಟರ ಹುಡುಗ ಓಡಿಸುವ ಮಸ್ಟಾಂಗಿಗೂ ಅಷ್ಟೇ. ಬೇರೆಯವರಿಗೆ ಆಗಬಹುದಾದ ಹಾನಿಗೆ ಇರುವ ಇನ್ಶೂರೆನ್ಸ್ ಇದೇ. ಅಪಾಯ ಎಷ್ಟು ಜಾಸ್ತಿ ಎಂದು ಹೇಳುವ ಬಿಲ್ಲು ಯಾರಿಂದಲೂ ಬರುವುದಿಲ್ಲ.

2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ ಅದರಲ್ಲಿ ಶೇ 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಸೇರಿದೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತದ್ದು ಎಲ್ಲರಿಗೂ ನೆನಪಿದೆ. ಕಾರು ಓಡಿಸುತ್ತಿದ್ದ ಆರೋಪ ಇರುವುದು 17 ವರ್ಷದ ಹುಡುಗನ ಮೇಲೆ. ಕುಡಿದಿದ್ದ ಎಂಬ ಆರೋಪ, ಜಾಮೀನಿಗೆ ಹಾಕಿದ 300 ಪದಗಳ ಪ್ರಬಂಧದ ಷರತ್ತು, ಇವುಗಳ ಬಗ್ಗೆ ದೇಶವೆಲ್ಲ ಮಾತಾಡಿತು. ಮಾತಾಡಬೇಕಾದದ್ದೇ. ಆದರೆ ಅವನಿಗೆ ಮುಂದಿನ ಹುಟ್ಟುಹಬ್ಬ ಬಂದು ಡಿಎಲ್ ಸಿಕ್ಕಿದ್ದರೆ ಅಷ್ಟೇ ಶಕ್ತಿಯ ಕಾರು ಓಡಿಸುವುದು ಅವನಿಗೆ ಕಾನೂನುಬದ್ಧ ಆಗುತ್ತಿತ್ತು ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

18 ತುಂಬದವರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿಯೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಅಪಾರ್ಟ್‌ಮೆಂಟ್ ಒಳಗೆ ಒಂದು ರೌಂಡ್ ಹೊಡೀಲಿ ಬಿಡು ಅನ್ನುವ ಅಪ್ಪಂದಿರು ಇದನ್ನೊಮ್ಮೆ ಓದಬೇಕು.

ಸ್ಪೋರ್ಟ್ಸ್ ಕಾರಿನ ಹಾಗೆ ಕಾಣದ ಸ್ಪೋರ್ಟ್ಸ್ ಕಾರು

ಮೊದಲು ಹೇಳಿದೆನಲ್ಲ, ಇದು ಈಗ ಶ್ರೀಮಂತರದಷ್ಟೇ ಪ್ರಶ್ನೆಯಲ್ಲ ಅಂತ. ಕಾರಣ ಎಲೆಕ್ಟ್ರಿಕ್ ಕಾರು. ಮಹೀಂದ್ರಾ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿಗೆ 210 ಕಿಲೋವ್ಯಾಟ್ ಮೋಟಾರು, ಕಂಪನಿ ಹೇಳುವಂತೆ 100 ಕಿ.ಮೀ. ಮುಟ್ಟಲು 6.7 ಸೆಕೆಂಡ್. ಟಾಟಾ ಹ್ಯಾರಿಯರ್ ಇವಿಯ ನಾಲ್ಕೂ ಚಕ್ರಕ್ಕೆ ಮೋಟಾರಿನ ಶಕ್ತಿ ಹೋಗುವ ಮಾದರಿಗೆ 6.3 ಸೆಕೆಂಡ್. ಹಿಂದೆ ಜರ್ಮನ್ ಸ್ಪೋರ್ಟ್ಸ್ ಸೆಡಾನ್‌ಗಳು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿದ್ದ ಅಂಕಿಗಳಿವು. ಈಗ ಇವು ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಗಾಡಿಗಳು. ತೂಕ ಜಾಸ್ತಿ ಇರುವುದರಿಂದ ಟನ್ನಿನ ಲೆಕ್ಕದಲ್ಲಿ ಬಿಇ 6 ವಿಕ್ಟೋರಿಯಾದ 130ರ ಒಳಗೇ ಬರುತ್ತದೆ. ಆದರೆ ಆ ಲೆಕ್ಕ ಪೆಟ್ರೋಲ್ ಕಾಲದ್ದು. ಪೆಟ್ರೋಲ್ ಎಂಜಿನ್ ಸದ್ದು ಮಾಡಿ, ಗೇರ್ ಬದಲಿಸಿ, ಏರುತ್ತಾ ಹೋಗುತ್ತದೆ. ಎಲೆಕ್ಟ್ರಿಕ್ ಮೋಟಾರಿನಲ್ಲಿ ಒತ್ತಿದ ಕ್ಷಣವೇ ಪೂರ್ತಿ ಬಲ, ಅದೂ ಸದ್ದಿಲ್ಲದೆ. ಎರಡು ಟನ್ನಿನ ಗಾಡಿ ಗುದ್ದಿದರೆ ಆಗುವ ಹೊಡೆತವೂ ಅದಕ್ಕೆ ತಕ್ಕ ಹಾಗೆಯೇ.

ಮಗನಿಗೆ ಸ್ಪೋರ್ಟ್ಸ್ ಕಾರು ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳುವ ಅಪ್ಪ, ಇಂಥ ಗಾಡಿಯ ಕೀ ಟಿವಿ ಪಕ್ಕದಲ್ಲಿ ಇಟ್ಟಿರುತ್ತಾನೆ.

ಅದಕ್ಕೇ ಮೊದಲ ಎರಡು ಮೂರು ವರ್ಷ ಮನೆಯಲ್ಲೇ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ಆರು ಏರ್‌ಬ್ಯಾಗ್, ಇಎಸ್‌ಸಿ ಇರುವ, ನೂರು ಬಿಎಚ್‌ಪಿ ಆಸುಪಾಸಿನ ಕಾರು ಸಾಕು. ಸುಮ್ನೆ ಹಳೇ ಡಬ್ಬಾ ಗಾಡಿ ಕೊಟ್ಟು ಕಲಿಯಲಿ ಅನ್ನುವುದೂ ತಪ್ಪು. ಜಾಸ್ತಿ ತಪ್ಪು ಮಾಡುವವರಿಗೇ ಕಡಿಮೆ ರಕ್ಷಣೆಯ ಕಾರು ಕೊಟ್ಟ ಹಾಗಾಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಹದಿಹರೆಯದವರಿಗಾಗಿ ಕೊಡುವ ಸಲಹೆಯೂ ಹೆಚ್ಚುಕಮ್ಮಿ ಇದೇ: ಶಕ್ತಿ ಜಾಸ್ತಿ ಇರುವುದು ಬೇಡ, ತೀರಾ ಪುಟ್ಟ ಕಾರೂ ಬೇಡ, ಇಎಸ್‌ಸಿ ಇರಲೇಬೇಕು. ಮನೆಯಲ್ಲಿರುವುದೇ ದೊಡ್ಡ ಎಲೆಕ್ಟ್ರಿಕ್ ಕಾರಾದರೆ ಇಕೋ ಮೋಡಿನಲ್ಲೇ ಓಡಿಸಬೇಕು ಎಂಬ ಒಪ್ಪಂದ ಇರಲಿ. ಕೆಲವು ಕಾರುಗಳಲ್ಲಿ ವೇಗಕ್ಕೆ ಪಿನ್ ಹಾಕಿ ಮಿತಿ ಇಡುವ ಅಥವಾ ಮೊಬೈಲ್ ಆ್ಯಪಿನಲ್ಲಿ ವೇಗದ ಎಚ್ಚರಿಕೆ ಬರುವ ಸೌಲಭ್ಯ ಇದೆ, ಶೋರೂಮಿನವರನ್ನು ಕೇಳಿ. ಮೊದಲ ವರ್ಷ ರಾತ್ರಿ ಹತ್ತರ ನಂತರ ಬೇಡ, ಗೆಳೆಯರ ದಂಡು ತುಂಬಿಕೊಂಡು ನಂದಿ ಬೆಟ್ಟಕ್ಕಂತೂ ಬೇಡವೇ ಬೇಡ. ಕ್ಯಾಲಿಫೋರ್ನಿಯಾ ಕಾನೂನಿನಿಂದ ಮಾಡಿಸುವುದನ್ನು ನಾವು ಮಾತಿನಿಂದ ಮಾಡಿಸಬೇಕು, ಕಷ್ಟವೇ. ಕಾನೂನಿನ ಹೆದರಿಕೆ ಬೇಕಾದರೆ ಒಂದಿದೆ. 2024ರ ಆಗಸ್ಟಿನಿಂದ ಕರ್ನಾಟಕದಲ್ಲಿ 130 ಕಿ.ಮೀ. ಮೀರಿದರೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು ಹೇಳಿದ್ದಾರೆ. ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳೂ ಇವೆ. ಪಾಸ್‌ಪೋರ್ಟು, ವೀಸಾ ಕನಸು ಕಾಣುವ ಹುಡುಗನಿಗೆ ಎಫ್‌ಐಆರ್ ಎಂಬ ಪದ ಸಾವಿಗಿಂತ ಬೇಗ ತಲೆಗೆ ಹೋಗುತ್ತದೆ.

ಸಿದ್ಧನಾಗಿದ್ದಾನೋ ಇಲ್ಲವೋ ತಿಳಿಯಲು ವಯಸ್ಸೊಂದೇ ಸಾಲದು. ಒಂದು ಸುಲಭದ ಪರೀಕ್ಷೆ ಇದೆ, ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲೂ ಬಳಸುವಂಥದ್ದು. ಪಕ್ಕದಲ್ಲಿ ಕೂತು, ಮುಂದೆ ಕಾಣುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸು ಅನ್ನಿ. ಮೊದಮೊದಲು 'ಬಸ್ಸು ನಿಂತಿದೆ, ಆಟೋ ಬಂತು, ಹಂಪ್ ಇದೆ' ಅನ್ನುತ್ತಾನೆ. ಕಂಡದ್ದನ್ನು ಹೇಳುತ್ತಿದ್ದಾನೆ ಅಷ್ಟೇ. ಕೆಲವು ತಿಂಗಳು ಕಳೆದ ಮೇಲೆ ಕೆಲವರ ಮಾತು ಬದಲಾಗುತ್ತದೆ. 'ಬಸ್ಸು ನಿಂತಿದೆ, ಅದರ ಮುಂದಿನಿಂದ ಯಾರಾದರೂ ದಾಟಬಹುದು, ಕಾಲು ಬ್ರೇಕಿನ ಮೇಲಿಟ್ಟಿದ್ದೇನೆ. ಆಟೋದವನು ಪ್ಯಾಸೆಂಜರ್ ನೋಡಿದ, ಎಡಕ್ಕೆ ಎಳೆಯುತ್ತಾನೆ.' ಇನ್ನೂ ಕಾಣದೇ ಇರುವುದನ್ನು ಹೇಳಲು ಶುರುಮಾಡಿದ್ದಾನೆ. ಇದನ್ನು ಹಗಲಲ್ಲಿ, ರಾತ್ರಿಯಲ್ಲಿ, ಮಳೆಯಲ್ಲಿ, ಶಿರಾಡಿಯಂಥ ಘಾಟಿಯಲ್ಲಿ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಿ. ಎಲ್ಲ ಕಡೆ ಮಾತು ಹೀಗೆ ಬರುವವರೆಗೆ ದೊಡ್ಡ ಕಾರಿನ ಕೀ ನಿಮ್ಮ ಹತ್ತಿರವೇ ಇರಲಿ.